ಬೈಯದ ಪೈಥಾನ್ ಹೆಚ್ಚು ಅಪಾಯ

ಬುಲ್ ಟೆಂಪಲ್ ರಸ್ತೆಯ ಇಂಜಿನಿಯರಿಂಗ್ ಹುಡುಗರು ಪೈಥಾನ್ ಕಲಿಯುವುದು ಪರೀಕ್ಷೆಗೆ. ಮಲ್ಲೇಶ್ವರದ ನಿವೃತ್ತ ಮೇಷ್ಟ್ರುಗಳು ಕಲಿಯುವುದು ಖುಷಿಗೆ. ಇಬ್ಬರೂ ಮುಗ್ಗರಿಸುವ ಜಾಗ ಒಂದೇ. ಪರದೆಯ ಮೇಲೆ ಎರರ್ ಕಂಡ ಕೂಡಲೇ ಓದದೆ ಕಿಟಕಿ ಮುಚ್ಚಿಬಿಡುತ್ತಾರೆ.

ಎರರ್ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆಗಿದ್ದೇನು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ಆಯಿತೆಂಬುದು ಅದರ ಮೇಲೆ. 2021ರಲ್ಲಿ ಬಂದ 3.10ನೇ ಆವೃತ್ತಿಯ ನಂತರವಂತೂ ಪೈಥಾನ್ ಬಿಡಿಸಿ ಹೇಳುತ್ತದೆ: ಇಲ್ಲಿ ಕೋಲನ್ ಬೇಕಿತ್ತು, ಈ ಆವರಣ ಚಿಹ್ನೆ ಮುಚ್ಚಲೇ ಇಲ್ಲ, ಹೀಗೆ. ಹಳೆಯವು ಎಷ್ಟೋ ಸಲ ತಪ್ಪೇ ಇಲ್ಲದ ಮುಂದಿನ ಸಾಲನ್ನು ತೋರಿಸುತ್ತಿದ್ದವು. ಟ್ಯಾಬ್ ಮತ್ತು ಸ್ಪೇಸ್ ಬೆರೆಸಬೇಡಿ. ವರ್ಡ್ ಕಡತದಿಂದ ಕೋಡ್ ನಕಲು ಮಾಡಬೇಡಿ, ಅಲ್ಲಿನ ಬಾಗಿದ ಉದ್ಧರಣ ಚಿಹ್ನೆ ಪೈಥಾನ್‌ಗೆ ಆಗದು. ನಿಮ್ಮ ಕಡತಕ್ಕೆ ‘ರ‍್ಯಾಂಡಮ್’ ಎಂದು ಹೆಸರಿಟ್ಟು ಅದೇ ಹೆಸರಿನ ಮಾಡ್ಯೂಲ್ ಕರೆಯಬೇಡಿ. ಇವೆಲ್ಲ ಐದು ನಿಮಿಷದ ರಗಳೆ.

ನನಗೆ ಭಯವಿರುವುದು ಪೈಥಾನ್ ಬೈಯದೆ ಸುಮ್ಮನಿರುವ ತಪ್ಪುಗಳ ಬಗ್ಗೆ. ಇನ್‌ಪುಟ್ ಫಂಕ್ಷನ್ ಯಾವಾಗಲೂ ಪಠ್ಯವನ್ನೇ ಕೊಡುತ್ತದೆ. ಹಾಗೆ ಪಡೆದ 2 ಮತ್ತು 3ನ್ನು ಕೂಡಿದರೆ 23 ಬರುತ್ತದೆ, ಎರರ್ ಬರುವುದಿಲ್ಲ. ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್ ಹಾಕಿದರೆ ಸರಿಹೋಯಿತು. ಅಂದಹಾಗೆ ಇಂಟ್‌ಗೆ ೧೨೩ ಎಂದು ಕನ್ನಡ ಅಂಕಿ ಕೊಟ್ಟು ನೋಡಿ, ಮರುಮಾತಿಲ್ಲದೆ ಒಪ್ಪುತ್ತದೆ.

ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಇದೆಯೇ ಎಂದು ಪೈಥಾನ್‌ನಲ್ಲಿ ಲೆಕ್ಕ ಹಾಕಲು ಹೊರಟ ಮೇಷ್ಟ್ರು, ಪಠ್ಯದ ಉದ್ದ ಹೇಳುವ ಲೆನ್ ಫಂಕ್ಷನ್ ನಂಬಿದರೆ ಕೆಟ್ಟರು. ‘ಬೆಂಗಳೂರು’ ನಮ್ಮ ಕಿವಿಗೆ ನಾಲ್ಕಕ್ಷರ, ಲೆನ್‌ಗೆ ಎಂಟು: ಬ, ಎತ್ವ, ಸೊನ್ನೆ, ಗ, ಳ, ಕೊಂಬಿನ ಇಳಿ, ರ, ಕೊಂಬು. ಪದವನ್ನು ಹಿಂದುಮುಂದಾಗಿಸಿದರೆ ಅಕ್ಷರವಿಲ್ಲದ ಕೊಂಬು ಮೊದಲು ಬಂದು ನಿಲ್ಲುತ್ತದೆ. ಕಾಗುಣಿತ, ಒತ್ತು ಎರಡನ್ನೂ ಮೂಲ ವ್ಯಂಜನಕ್ಕೆ ಕೂಡಿಸಿಕೊಂಡ ಮೇಲೆಯೇ ಎಣಿಕೆ.

ಕಡತ ತೆರೆಯುವಾಗಿನದು ಇನ್ನೂ ಸ್ವಾರಸ್ಯ. ಕಡತದ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಾವು ಹೇಳದಿದ್ದರೆ, ಇಲ್ಲಿನ ಬಹುತೇಕ ವಿಂಡೋಸ್ ಗಣಕಗಳಲ್ಲಿ ಪೈಥಾನ್ ಅದನ್ನು 1252 ಎಂಬ ಯುರೋಪಿನ ಸಂಕೇತಪಟ್ಟಿಯಂತೆ ಓದುತ್ತದೆ. ಕನ್ನಡದ ಒತ್ತಕ್ಷರವೋ ಕೊಂಬೋ ಎದುರಾದರೆ, ಅದರೊಳಗಿನ ಒಂದು ಬೈಟ್‌ಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲದ್ದರಿಂದ ಎರರ್ ಕೊಟ್ಟು ನಿಲ್ಲುತ್ತದೆ. ಬರೀ ‘ಮನೆ’ ಎಂದಿದ್ದರೆ? ಚಕಾರವೆತ್ತದೆ ಕಸ ಓದಿಕೊಂಡು ಮುಂದೆ ಹೋಗುತ್ತದೆ. ಅದಕ್ಕೇ ಪರೀಕ್ಷಿಸುವಾಗ ‘ಮನೆ’, ‘ಮರ’ ಸಾಲದು. ಒತ್ತಿರುವ ಪದ ಬೇಕು.

ಇನ್ನು ಚಾಮರಾಜಪೇಟೆಯ ಡಿಟಿಪಿ ಅಂಗಡಿಯಿಂದ ತಂದ ಹಳೆಯ ಪುಸ್ತಕದ ಕಡತ. ಅದು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದಿರಬಹುದು. ನುಡಿಯ ಹಳೆಯ ಫಾಂಟುಗಳಲ್ಲಿ ಕಾಣುವುದು ಕನ್ನಡ, ಒಳಗೆ ಕೂತಿರುವುದು ಲ್ಯಾಟಿನ್ ಅಕ್ಷರಗಳು. ಯುಟಿಎಫ್-8 ಎಂದರೂ ಪೈಥಾನ್‌ಗೆ ಕಾಣುವುದು ಅವೇ. ಎನ್‌ಕೋಡಿಂಗ್ ಬದಲಿಸುತ್ತ ಕೂತು ರಾತ್ರಿ ಕಳೆಯಬೇಡಿ. ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಂದ ನೋಡಿ ತಿದ್ದಿ. ಮುಂದಿನ ಪುಸ್ತಕಕ್ಕಾದರೂ ಅಂಗಡಿಯವರ ಹತ್ತಿರ ಯೂನಿಕೋಡ್ ಪ್ರತಿಯನ್ನೇ ಕೇಳಿ ಪಡೆಯಿರಿ.