ಸಾವನ್ನು ಓದಿ ಹೇಳುವ ಗುಮಾಸ್ತ

ಹರ್ಮನ್ ಮೆಲ್ವಿಲ್ ಎಂದಾಕ್ಷಣ ನೆನಪಾಗುವುದು ‘ಮೊಬಿ ಡಿಕ್’. ಅದಕ್ಕಿಂತ ಒಂದು ವರ್ಷ ಮೊದಲು, 1850ರಲ್ಲಿ ಪ್ರಕಟವಾದ ಅವನ ‘ವೈಟ್ ಜಾಕೆಟ್’ ಕಾದಂಬರಿಯನ್ನು ಓದಿದವರು ಕಡಿಮೆ. ಅಮೆರಿಕದ ಹಾಯಿ ಯುದ್ಧನೌಕೆಯೊಂದರ ಒಳಬದುಕು ಅದರ ವಸ್ತು. ಮೆಲ್ವಿಲ್ ಯಾರಿಂದಲೋ ಕೇಳಿ ಬರೆದವನಲ್ಲ. 1843ರ ಆಗಸ್ಟ್‌ನಲ್ಲಿ ಹೊನೊಲುಲುವಿನಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎಂಬ ನೌಕೆಗೆ ಸಾಮಾನ್ಯ ನಾವಿಕನಾಗಿ ಸೇರಿ, 14 ತಿಂಗಳ ಬಳಿಕ ಬಾಸ್ಟನ್‌ನಲ್ಲಿ ಇಳಿದವನು. ಆ ಅವಧಿಯಲ್ಲಿ ಹಡಗಿನಲ್ಲಿ 163 ಬಾರಿ ಚಾಟಿಯೇಟಿನ ಶಿಕ್ಷೆ ನಡೆದದ್ದು ದಾಖಲಾಗಿದೆ.

ಚಾಟಿಯೇಟಿನ ಅಧ್ಯಾಯಗಳನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ರಕ್ತವೇ ಇಲ್ಲದ ಇನ್ನೊಂದು ದೃಶ್ಯ. ತಿಂಗಳ ಮೊದಲ ಭಾನುವಾರ ಐನೂರು ಮಂದಿ ಟೋಪಿ ತೆಗೆದು ಡೆಕ್ಕಿನ ಮೇಲೆ ನಿಲ್ಲಬೇಕು. ಕಪ್ತಾನನ ಗುಮಾಸ್ತ ನೌಕಾಪಡೆಯ ಶಿಕ್ಷಾ ಕಾನೂನನ್ನು ಓದಿ ಹೇಳುತ್ತಾನೆ. ಅದರಲ್ಲಿರುವ ಸುಮಾರು 20 ಅಪರಾಧಗಳಲ್ಲಿ 13ಕ್ಕೆ ಮರಣದಂಡನೆಯೆಂದು ಮೆಲ್ವಿಲ್ ಲೆಕ್ಕ ಹಾಕುತ್ತಾನೆ. ಕಲಮಿನ ಮೇಲೆ ಕಲಮು, ಸಾವಿನ ಮೇಲೆ ಸಾವು. ಓದುವವನ ಕೈಯಲ್ಲಿ ಚಾಟಿಯಿಲ್ಲ, ಬರೀ ಕಾಗದ.

ಆದರೆ ಈ ಗುಮಾಸ್ತ ಯಾರು? ಅವನೂ ಸಂಬಳದ ಆಳು. ಕಪ್ತಾನನ ಪತ್ರಗಳನ್ನು ಬರೆಯುವುದು, ಆಜ್ಞೆಗಳ ಪ್ರತಿ ತೆಗೆಯುವುದು ಅವನ ಕೆಲಸ. ಹುದ್ದೆ ಸಿಗುವುದೂ ಕಪ್ತಾನನ ಕೃಪೆಯಿಂದಲೇ. ಮೇಲಿನ ಅಧಿಕಾರಿಗಳ ಸಾಲಿಗೂ ಸೇರದ, ಕೆಳಗಿನ ನಾವಿಕರಿಗೂ ಬೇಡವಾದ ಹುಡುಗ. ಆ ಭಾನುವಾರದ ಓದು ಮುಗಿದ ಮೇಲೆ ಅವನಿಗೆ ಊಟ ಸೇರುತ್ತಿತ್ತೇ? ಕಾದಂಬರಿ ಕೇಳುವುದೇ ಇಲ್ಲ. ಜ್ಯಾಕ್ ಚೇಸ್‌ನಂಥ ದಿಲ್ದಾರ್ ನಾವಿಕನಿಗೆ, ಕ್ರೂರ ಶಸ್ತ್ರವೈದ್ಯ ಕ್ಯೂಟಿಕಲ್‌ಗೆ ಪುಟಗಟ್ಟಲೆ ಜಾಗ ಕೊಟ್ಟ ಮೆಲ್ವಿಲ್ ಗುಮಾಸ್ತನನ್ನು ಬರೀ ಧ್ವನಿಯಾಗಿ ಬಿಟ್ಟುಬಿಡುತ್ತಾನೆ.

ಇದು ಸಣ್ಣ ಕೊರತೆಯಲ್ಲ. ತಂದೆ ತೀರಿಕೊಂಡ 1832ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಆಲ್ಬನಿಯ ಬ್ಯಾಂಕಿನಲ್ಲಿ ಗುಮಾಸ್ತಿಕೆಗೆ ಕೂತವನು ಮೆಲ್ವಿಲ್. ನೌಕೆ ಹತ್ತುವ ಮೊದಲು ಹೊನೊಲುಲುವಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆದವನು. ಅನ್ಯಾಯಕ್ಕೆ ಹೊಡೆಯುವ ಕೈಯಷ್ಟೇ ಸಾಲದು, ಬರೆಯುವ ಕೈಯೂ ಬೇಕೆಂಬುದು ಅವನಿಗೆ ತಿಳಿಯದ ವಿಷಯವೇ? ಪ್ರತಿ ತೆಗೆಯಲು ಒಲ್ಲೆನೆನ್ನುವ ಗುಮಾಸ್ತ ‘ಬಾರ್ಟಲ್‌ಬಿ’ಯನ್ನು ಅವನು ಬರೆದದ್ದು 1853ರಲ್ಲಿ. ಆ ಒಲ್ಲೆ ಹಡಗಿನ ಡೆಕ್ಕಿನ ಮೇಲೇ ಕೇಳಿಬಂದಿದ್ದರೆ ‘ವೈಟ್ ಜಾಕೆಟ್’ ಬೇರೆಯೇ ಕೃತಿಯಾಗುತ್ತಿತ್ತು.

1850ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತು ನೌಕಾಪಡೆಯಲ್ಲಿ ಚಾಟಿಯೇಟನ್ನು ನಿಷೇಧಿಸಿತು. ಕೀರ್ತಿಯೆಲ್ಲ ಈ ಕಾದಂಬರಿಯದೇ ಎನ್ನುವವರಿದ್ದಾರೆ. ಆ ಹೋರಾಟ ಪುಸ್ತಕಕ್ಕಿಂತ ಮೊದಲೇ ಶುರುವಾಗಿತ್ತು. ಚಾಟಿ ಹೋದರೂ 1800ರ ಆ ಕಾನೂನು 1862ರವರೆಗೆ ಉಳಿಯಿತು. ತಿಂಗಳಿಗೊಮ್ಮೆ ಅದನ್ನು ಓದಿ ಹೇಳಬೇಕೆಂಬ ನಿಯಮವೂ ಅದರೊಳಗೇ ಇತ್ತು.