ವಸಂತದಲ್ಲಿ ಕೂಗಿದ ಕೋಳಿ

ಜನ್ನನ ‘ಯಶೋಧರ ಚರಿತೆ’ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡು ದೃಶ್ಯಗಳು. ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ ಮನಸೋಲುವ ರಾಣಿ ಅಮೃತಮತಿ ಒಂದು. ನಿಜವಾದ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುವ ರಾಜ ಯಶೋಧರ ಇನ್ನೊಂದು. ವಿಮರ್ಶಕರು ಮತ್ತೆ ಮತ್ತೆ ಕೈಗೆತ್ತಿಕೊಂಡದ್ದೂ ಇವನ್ನೇ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವಂತೂ ಹೆಸರಿನಲ್ಲೇ ತನ್ನ ಆಯ್ಕೆಯನ್ನು ಹೇಳಿಬಿಡುತ್ತದೆ. ಕಾರ್ನಾಡರು ಹುಟ್ಟಿದ್ದು ನಮ್ಮ ಕಲ್ಯಾಣ-ಕರ್ಜತ್ ಲೈನಿನ ನೇರಳದಿಂದ ಗುಡ್ಡ ಹತ್ತಿದರೆ ಸಿಗುವ ಮಾಥೇರಾನಿನಲ್ಲಿ, 1938ರಲ್ಲಿ. ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರನ್ನು ಇಟ್ಟುಕೊಂಡು ಅವರು ಕಟ್ಟಿದ ನಾಟಕ ಹಿಂಸೆಯ ಪ್ರಶ್ನೆಯನ್ನು ಸಂಕಲ್ಪದ ಪ್ರಶ್ನೆಯಾಗಿ ನೋಡುತ್ತದೆ: ಕತ್ತಿ ಎತ್ತಿದ ಮನಸ್ಸು ಕೊಂದಾಗಿದೆ, ಕತ್ತಿಯ ಕೆಳಗಿರುವುದು ಹಿಟ್ಟಾದರೇನು, ರಕ್ತಮಾಂಸವಾದರೇನು?

ಪ್ರಶ್ನೆ ದೊಡ್ಡದೇ. ಆದರೆ ಜನ್ನ ಅಲ್ಲಿಗೆ ನಿಲ್ಲಿಸಿಲ್ಲ. ಕಾವ್ಯದ ಕೊನೆಯ ಭಾಗದಲ್ಲಿ ಇನ್ನೊಮ್ಮೆ ಕೋಳಿ ಬರುತ್ತದೆ. ಈ ಸಲ ಹಿಟ್ಟಿನದಲ್ಲ, ಜೀವವಿರುವ ಹುಂಜ ಮತ್ತು ಹೇಂಟೆ. ಅವು ಸಾಯುವುದು ವಸಂತದಲ್ಲಿ, ಒಂದು ಬಾಣಕ್ಕೆ, ಕೂಗಿದ ಕಾರಣಕ್ಕೆ. ಕನ್ನಡದಲ್ಲಿ ಬೇಟೆಯ ಬಗ್ಗೆ ಬಂದಿರುವ ಅತ್ಯಂತ ಕಟುವಾದ ಪುಟ ಇದೇ ಎಂದು ನನ್ನ ವಾದ. ನಾವು ಅದನ್ನು ಜೈನ ಧರ್ಮೋಪದೇಶದ ಒಂದು ಮೆಟ್ಟಿಲೆಂದು ದಾಟಿಹೋಗುತ್ತೇವೆ.

ಪ್ರಸಂಗ ಹೀಗಿದೆ. ಹಿಟ್ಟಿನ ಕೋಳಿಯ ಬಲಿಯ ನಂತರ ಅಮೃತಮತಿ ಗಂಡನಿಗೂ ಅತ್ತೆ ಚಂದ್ರಮತಿಗೂ ವಿಷವಿಕ್ಕುತ್ತಾಳೆ. ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಸುತ್ತಾಡುತ್ತಾರೆ. ನವಿಲು, ನಾಯಿ, ಮೀನು, ಮೊಸಳೆ, ಆಡು ಎಂದು ಹುಟ್ಟಿ, ಪ್ರತಿ ಸಲವೂ ಕೊಲೆಯಾಗಿ, ಕೊನೆಗೆ ಕೋಳಿಗಳಾಗುತ್ತಾರೆ. ಆಗ ರಾಜ್ಯವಾಳುತ್ತಿರುವವನು ಯಶೋಧರನ ಮಗ ಯಶೋಮತಿ. ವಸಂತಕಾಲ ಬಂದಿದೆ. ರಾಜ ರಾಣಿ ಕುಸುಮಾವಳಿಯೊಡನೆ ಉದ್ಯಾನಕ್ಕೆ ಬಂದಿದ್ದಾನೆ. ಕೋಳಿಗಳನ್ನು ನೋಡಿಕೊಳ್ಳುವ ಚಂಡಕರ್ಮ ಎಂಬ ತಳವಾರ ಅದೇ ವನದಲ್ಲಿ ಒಬ್ಬ ಮುನಿಯಿಂದ ಧರ್ಮವನ್ನು ಕೇಳುತ್ತಿದ್ದಾನೆ. ಆ ಮಾತು ಪಂಜರದ ಕೋಳಿಗಳ ಕಿವಿಗೂ ಬೀಳುತ್ತದೆ, ಹಿಂದಿನ ಜನ್ಮಗಳೆಲ್ಲ ನೆನಪಾಗುತ್ತವೆ. ಸಂತೋಷ ತಡೆಯಲಾರದೆ ಎರಡೂ ಕೂಗುತ್ತವೆ. ದೂರದಲ್ಲಿದ್ದ ರಾಜನಿಗೆ ಆ ಕೂಗು ಕೇಳಿಸುತ್ತದೆ. ಸದ್ದನ್ನಷ್ಟೇ ಹಿಡಿದು ಗುರಿಯಿಡುವ ಶಬ್ದವೇಧಿ ವಿದ್ಯೆ ತನಗೆಷ್ಟು ಗೊತ್ತು ಎಂದು ಹೆಂಡತಿಗೆ ತೋರಿಸಲು ಬಾಣ ಬಿಡುತ್ತಾನೆ. ಎರಡೂ ಸಾಯುತ್ತವೆ. ಮುಂದೆ ಅವು ಅದೇ ಕುಸುಮಾವಳಿಯ ಹೊಟ್ಟೆಯಲ್ಲಿ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತವೆ. ಮಗ ಕೊಂದದ್ದು ತಂದೆಯನ್ನು ಮತ್ತು ಅಜ್ಜಿಯನ್ನು. ಕೊಂದವನ ಮನೆಗೇ ಸತ್ತವರು ಮಕ್ಕಳಾಗಿ ಬಂದರು.

ಈ ಭಾಗವನ್ನು ನಾನು ಮತ್ತೆ ಓದುವಂತೆ ಮಾಡಿದ್ದು ಅಮೆರಿಕದ ಒಂದು ಬೇಟೆ. ಐರೋಲಿಯ ಆಫೀಸುಗಳಲ್ಲಿ ಅಮೆರಿಕದ ತಂಡಗಳೊಡನೆ ದುಡಿಯುವವರಿಗೆ ಇದು ಪರಿಚಿತ ಸಂಗತಿ: ಏಪ್ರಿಲ್ ಬಂತೆಂದರೆ ಅತ್ತ ಕಡೆ ಯಾರಾದರೊಬ್ಬರು ‘ಟರ್ಕಿ ಸೀಸನ್’ ಎಂದು ರಜೆ ಹಾಕುತ್ತಾರೆ, ನಾವು ಪ್ಲ್ಯಾನಿನಲ್ಲಿ ಅದಕ್ಕೂ ಜಾಗ ಬಿಡುತ್ತೇವೆ. ಟರ್ಕಿ ಎಂದರೆ ನಮಗೆ ನವೆಂಬರಿನ ಹಬ್ಬದೂಟದ ಸಾಕುಕೋಳಿ. ಅಲ್ಲಿನ ಕಾಡುಗಳಲ್ಲಿ ಅದರ ಮೂಲ ಸಂತತಿಯೂ ಇದೆ. ಏಪ್ರಿಲ್-ಮೇ ಅದಕ್ಕೆ ಜೋಡಿಯಾಗುವ ಕಾಲ. ನಮ್ಮ ಚೈತ್ರ-ವೈಶಾಖ, ಜನ್ನನ ವಸಂತ.

ಈ ಬೇಟೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಳಕು ಹರಿಯುವ ಮೊದಲು ಹುಂಜ ರಾತ್ರಿ ಕೂತ ಮರದ ಮೇಲಿಂದಲೇ ಗಂಟಲು ಕುಲುಕಿ ಕೂಗುತ್ತದೆ. ಬೇಟೆಗಾರ ಮೈತುಂಬ ಎಲೆಬಣ್ಣದ ಬಟ್ಟೆ ತೊಟ್ಟು, ಮುಖಕ್ಕೂ ಮುಸುಕು ಹಾಕಿ, ಮರದ ಬುಡಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂರುತ್ತಾನೆ. ಕೈಯಲ್ಲೊಂದು ಪುಟ್ಟ ಮರದ ಡಬ್ಬಿ. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಥೇಟ್ ಹೇಂಟೆಯ ದನಿ. ಕೆಲವರು ನಾಲಗೆಯ ಮೇಲೆ ತೆಳುವಾದ ರಬ್ಬರ್ ಪೊರೆ ಇಟ್ಟುಕೊಂಡು ಅದೇ ದನಿ ಹೊರಡಿಸುತ್ತಾರೆ. ಎದುರಿಗೆ ಹುಲ್ಲಿನಲ್ಲಿ ಪ್ಲಾಸ್ಟಿಕ್ಕಿನದೋ ಫೋಮಿನದೋ ಒಂದು ಹುಸಿ ಹೇಂಟೆ. ಸಹಜವಾಗಿ ಹುಂಜ ಕೂಗಿದರೆ ಹೇಂಟೆ ಅದರತ್ತ ನಡೆದುಹೋಗಬೇಕು. ಇಲ್ಲಿ ಹೇಂಟೆ ಬರುವುದೇ ಇಲ್ಲ, ಇದ್ದಲ್ಲಿಂದಲೇ ಕರೆಯುತ್ತದೆ. ಹುಂಜ ಕೂಗುತ್ತದೆ, ಕಾಯುತ್ತದೆ, ಮತ್ತೆ ಕೂಗುತ್ತದೆ. ಕೊನೆಗೆ ರೆಕ್ಕೆ ನೆಲಕ್ಕೆ ಎಳೆಯುತ್ತ, ಬಾಲ ಬೀಸಣಿಗೆ ಮಾಡಿ ತಾನೇ ನಡೆದುಬರುತ್ತದೆ. ಮೂವತ್ತು-ನಲವತ್ತು ಗಜದೊಳಗೆ ಬಂದಾಗ ಗುಂಡು.

ಇದನ್ನು ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕಾಡು ಟರ್ಕಿ ಅಮೆರಿಕದ ಬಹುಭಾಗದಲ್ಲಿ ಅಳಿದೇಹೋಗಿತ್ತು. 1937ರಲ್ಲಿ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೆ ಮೀಸಲಿಡುವ ಕಾನೂನು ಬಂತು. ಒಂದು ಕಾಡಿನಿಂದ ಹಿಡಿದು ಇನ್ನೊಂದು ಕಾಡಿಗೆ ಬಿಟ್ಟು ಹಕ್ಕಿಯನ್ನು ಮರಳಿ ಬೆಳೆಸಿದರು. ಮಿಸೌರಿ ರಾಜ್ಯ ತನ್ನ ಆಧುನಿಕ ವಸಂತದ ಬೇಟೆಯನ್ನು ಶುರುಮಾಡಿದ್ದು 1960ರಲ್ಲಿ. ವಸಂತದಲ್ಲಿ ಕೊಲ್ಲುವುದು ಮುಖ್ಯವಾಗಿ ಹುಂಜಗಳನ್ನು. ಒಂದು ಹುಂಜ ಹಲವು ಹೇಂಟೆಗಳೊಡನೆ ಕೂಡುವುದರಿಂದ ಕೆಲವು ಹುಂಜಗಳು ಹೋದರೂ ಸಂತತಿ ನಿಲ್ಲುವುದಿಲ್ಲ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ನನ್ನ ಪ್ರಶ್ನೆ ಸಂಖ್ಯೆಯದಲ್ಲ. ಆ ಹಕ್ಕಿಯ ಸಾವಿಗೆ ಕಾರಣ ಅದರ ದೌರ್ಬಲ್ಯವಲ್ಲ, ಅದು ತನ್ನ ಬದುಕಿನ ಅತ್ಯಂತ ತುಂಬಿದ ಗಳಿಗೆಯಲ್ಲಿ ಬಾಯಿ ಬಿಟ್ಟದ್ದು. ಕೂಗದ ಹುಂಜ ಬದುಕಿಕೊಳ್ಳುತ್ತದೆ.

ಈ ವಿವರ ಇಟ್ಟುಕೊಂಡು ಜನ್ನನಿಗೆ ಮರಳಿದರೆ ಕಾವ್ಯದ ಕಟ್ಟೇ ಬೇರೆಯಾಗಿ ಕಾಣುತ್ತದೆ. 1209ರ ಈ ಕೃತಿಯಲ್ಲಿ ಮುಖ್ಯ ತಿರುವುಗಳೆಲ್ಲ ದನಿಯ ಮೂಲಕವೇ ಆಗುತ್ತವೆ. ಅಮೃತಮತಿ ಅಷ್ಟಾವಂಕನನ್ನು ನೋಡಿ ಸೋತವಳಲ್ಲ, ಕೇಳಿ ಸೋತವಳು. ಅವನ ವಿಕಾರ ರೂಪ ತಿಳಿಯುವ ಹೊತ್ತಿಗೆ ಕಿವಿಯಿಂದ ಒಳಹೊಕ್ಕದ್ದು ಹೊರಗೆ ಬರುವಂತಿರಲಿಲ್ಲ. ಹಿಟ್ಟಿನ ಕೋಳಿ ಕತ್ತಿಯ ಏಟು ಬಿದ್ದಾಗ ಕೂಗುತ್ತದೆ. ಹಿಟ್ಟು ಹಿಟ್ಟಾಗಿ ಉಳಿಯದೆ ಯಶೋಧರನ ನೆಮ್ಮದಿ ಕೆಡುವುದು ಆ ಕೂಗಿನಿಂದ. ಕೊನೆಗೆ ನಿಜವಾದ ಕೋಳಿಗಳ ಕೂಗು, ಶಬ್ದವೇಧಿ ಬಾಣ. ಮೊದಲನೆಯ ದನಿ ಸೆಳೆಯಿತು, ಎರಡನೆಯದು ಎಚ್ಚರಿಸಿತು, ಮೂರನೆಯದು ಕೊಲ್ಲಿಸಿಕೊಂಡಿತು. ಮೂರನೆಯದನ್ನು ಬಿಟ್ಟರೆ ಉಳಿದೆರಡರ ಅರ್ಥವೂ ಅರ್ಧವಾಗುತ್ತದೆ. ಕಾರ್ನಾಡರು ನಾಟಕದ ಹದಕ್ಕಾಗಿ ಜನ್ಮಾಂತರಗಳನ್ನು ಕೈಬಿಟ್ಟದ್ದು ಸರಿಯೇ. ರಂಗದ ಮೇಲೆ ಮೊಸಳೆ, ಮೀನುಗಳನ್ನು ತರಲಾಗದು. ಅದರಿಂದ ಓದುಗರ ನೆನಪಿನಲ್ಲಿ ಉಳಿದದ್ದು ಮಾತ್ರ ಸಾಂಕೇತಿಕ ಕೋಳಿ. ರಕ್ತವಿದ್ದ ಕೋಳಿ ಮರೆತೇಹೋಯಿತು.

ಸಾಂಕೇತಿಕ ಹಿಂಸೆಯ ಚರ್ಚೆ ಓದಿದ ಮಂದಿಗೆ ಹಿತ, ಅದರಲ್ಲಿ ಯಾರ ಕೈಗೂ ರಕ್ತ ಹತ್ತುವುದಿಲ್ಲ. ಯಶೋಮತಿಯ ಬಾಣ ಹಾಗಲ್ಲ. ಅವನಿಗೆ ಹಸಿವಿಲ್ಲ, ಭಯವಿಲ್ಲ, ಹರಕೆಯೂ ಇಲ್ಲ. ಅವನ ತಂದೆ ಬಲಿ ಕೊಡುವ ಮುನ್ನ ತಾಯಿಯೊಡನೆ ವಾದವನ್ನಾದರೂ ಮಾಡಿದ್ದ. ಮಗನಿಗೆ ಅಷ್ಟೂ ಬೇಕಾಗಲಿಲ್ಲ. ಕೌಶಲವಿತ್ತು, ನೋಡುವವಳಿದ್ದಳು, ಸದ್ದು ಕೇಳಿಸಿತು. ಏನನ್ನು ಕೊಲ್ಲುತ್ತಿದ್ದೇನೆ ಎಂದು ಅವನು ನೋಡಲೂ ಇಲ್ಲ. ಶಬ್ದವೇಧಿಯ ಹೆಮ್ಮೆಯೇ ಅದಲ್ಲವೇ, ನೋಡದೆ ಕೊಲ್ಲುವುದು?

ನಮ್ಮ ಬೇಟೆ ಸಾಹಿತ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು: ಊರು ಬಿಟ್ಟು ಬಂದ ನಮ್ಮಂಥವರಿಗೆ ಇವು ಕಾಡನ್ನು ಮರಳಿ ಕೊಡುವ ಪುಸ್ತಕಗಳು. ಡೊಂಬಿವಲಿ ಲೋಕಲ್ಲಿನಲ್ಲಿ ಒಂದು ಕಾಲ ಮೇಲೆ ನಿಂತು ‘ಜಾಲಹಳ್ಳಿಯ ಕುರ್ಕ’ ಓದಿದರೆ ಘಾಟ್ಕೋಪರ್ ಬಂದದ್ದು ಗೊತ್ತಾಗುವುದಿಲ್ಲ. ಆದರೆ ಇವುಗಳಲ್ಲೆಲ್ಲ ಓದುಗ ಕೂರುವುದು ಕೋವಿಯ ಹಿಂದೆ. ನರಭಕ್ಷಕನ ಕಥೆಯಾದರೆ ಕೊಲ್ಲಲು ಕಾರಣವೂ ಕೈಯಲ್ಲಿರುತ್ತದೆ. ಕಾರ್ಬೆಟ್ 1938ರಲ್ಲಿ ಠಾಕ್‌ನ ಹೆಣ್ಣುಹುಲಿಯನ್ನು ಕೊಂದದ್ದು ಗಂಡುಹುಲಿಯ ದನಿಯಲ್ಲಿ ಉತ್ತರ ಕೊಟ್ಟು. ಅದು ಜೊತೆಗಾರನನ್ನು ಹುಡುಕುತ್ತಿತ್ತು. ಆಂಡರ್ಸನ್ ಜೌಳಗಿರಿಯಲ್ಲಿ ಮಾಡಿದ್ದೂ ಅದನ್ನೇ. ಜನರ ಪ್ರಾಣ ಉಳಿಸಲು ಅದು ಬೇಕಿತ್ತು, ಒಪ್ಪೋಣ. ಆದರೂ ಪ್ರಾಣಿಯ ಭಾಷೆಯನ್ನು ಇಷ್ಟು ಪ್ರೀತಿಯಿಂದ ಕಲಿತವರೇ ಅದನ್ನು ಮೋಸಕ್ಕೆ ಬಳಸಬಲ್ಲರು ಎಂಬ ಸತ್ಯ ಅಲ್ಲಿ ಉಳಿದೇ ಇದೆ. ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿದ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಇದೆ. ಪದ ಹಳೆಯದಾದಷ್ಟೂ ಕಸುಬೂ ಹಳೆಯದು. ಜನ್ನನೊಬ್ಬನೇ ನಮ್ಮನ್ನು ಬಾಣದ ಈಚೆ ಬದಿಗೆ ಕೂರಿಸುತ್ತಾನೆ. ಅವನ ಕಥೆ ಹೇಳುವವನು ಅಭಯರುಚಿ. ಅಂದರೆ ಸತ್ತ ಕೋಳಿಯೇ ನಿರೂಪಕ.

ಮುಂಬೈಗೆ ಸಂಬಂಧಿಸಿದ ಇನ್ನೊಂದು ಪುಟವನ್ನು ಇಲ್ಲಿ ಸೇರಿಸಬೇಕು. ಸಲೀಂ ಅಲಿ ತಮ್ಮ ಆತ್ಮಕಥೆಯಲ್ಲಿ (1985) ಹತ್ತು ವರ್ಷದ ಹುಡುಗನಾಗಿದ್ದಾಗಿನ ಒಂದು ಟಿಪ್ಪಣಿಯನ್ನು ಹೇಳುತ್ತಾರೆ. ಗೋಡೆಯ ಕಿಂಡಿಯಲ್ಲಿ ಹೆಣ್ಣು ಗುಬ್ಬಿ ಮೊಟ್ಟೆಯ ಮೇಲೆ ಕೂತಿದೆ, ಗಂಡು ಹೊರಗೆ ಮೊಳೆಯ ಮೇಲೆ ಕಾವಲಿದೆ. ಹುಡುಗ ಮರೆಯಲ್ಲಿ ನಿಂತು ಗಂಡನ್ನು ಹೊಡೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಅದೇ ಮೊಳೆಯ ಮೇಲೆ. ಅದನ್ನೂ ಹೊಡೆಯುತ್ತಾನೆ. ಏಳು ದಿನಗಳಲ್ಲಿ ಎಂಟು ಗಂಡುಗಳು. ಭಾರತದ ಪಕ್ಷಿವಿಜ್ಞಾನದ ಹಿರಿಯರು ಇದನ್ನು ಪಶ್ಚಾತ್ತಾಪವಾಗಿ ಬರೆದಿಲ್ಲ, ಒಂದು ಒಳ್ಳೆಯ ವೀಕ್ಷಣೆಯಾಗಿ ಬರೆದರು. ಅದು ಒಳ್ಳೆಯ ವೀಕ್ಷಣೆಯೂ ಹೌದು. ತಿಳಿವಳಿಕೆಯ ದಾರಿ ಎಷ್ಟೋ ಸಲ ಬೇಟೆಯ ದಾರಿಯೇ ಆಗಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಅದೇ ಆ ಪುಟದ ಬೆಲೆ.

1972ರ ವನ್ಯಜೀವಿ ಕಾಯಿದೆಯ ಮೇಲೆ ನಮ್ಮಲ್ಲಿ ಕೋವಿ ಕೆಳಗಿಟ್ಟೆವು. ಕೂಗನ್ನು ಹಿಂಬಾಲಿಸುವುದನ್ನು ಬಿಟ್ಟೆವೇ? ನವಿ ಮುಂಬೈ, ಠಾಣೆಗಳಿಂದ ವಾರಾಂತ್ಯಕ್ಕೆ ಕರ್ನಾಳಾಕ್ಕೋ ಯೇವೂರಿಗೋ ಕ್ಯಾಮೆರಾ ಹೊತ್ತು ಹೋಗುವವರಲ್ಲಿ ನಮ್ಮವರೂ ಬಹಳ ಮಂದಿ. ಮುಂಗಾರು ಬರುವ ಹೊತ್ತಿಗೆ ನವರಂಗ ಕೂಗಲು ತೊಡಗುತ್ತದೆ, ಕರ್ನಾಳಾದಲ್ಲಿ ಪುಟ್ಟ ಬಣ್ಣದ ಕಾಡುಮಿಂಚುಳ್ಳಿ ಗೂಡು ಮಾಡುತ್ತದೆ. ಹಕ್ಕಿ ಎದುರಿಗೆ ಬರದಿದ್ದರೆ ಮೊಬೈಲಿನಲ್ಲಿ ಅದರದೇ ಕೂಗನ್ನು ಹಚ್ಚಿ ಹೊರಗೆ ಕರೆಯುವವರಿದ್ದಾರೆ. ಹಕ್ಕಿ ಬರುತ್ತದೆ, ಎದುರಾಳಿ ಬಂದನೆಂದೋ ಜೊತೆ ಬಂತೆಂದೋ. ಫೋಟೋ ಸಿಗುತ್ತದೆ, ಲೈಕುಗಳು ಬರುತ್ತವೆ. ಸಾವಿಲ್ಲ ನಿಜ. ಆದರೆ ಮರಿಗೆ ಉಣಿಸಬೇಕಾದ ಹೊತ್ತಿನಲ್ಲಿ ಅದು ಇಲ್ಲದ ಶತ್ರುವನ್ನು ಹುಡುಕುತ್ತಿರುತ್ತದೆ. ಕೌಶಲವಿದೆ, ನೋಡುವವರಿದ್ದಾರೆ, ಸದ್ದು ಕೇಳಿಸಿದೆ. ಯಶೋಮತಿಯ ಉದ್ಯಾನದಲ್ಲಿ ಇದ್ದದ್ದೂ ಈ ಮೂರೇ.

ಜನ್ನನ ಬಗ್ಗೆ ನನ್ನ ತಕರಾರು ಒಂದಿದೆ. ಬಾಣ ನೆಟ್ಟ ಮೇಲೆ ಅವನು ಹಕ್ಕಿಗಳ ಬಳಿ ನಿಲ್ಲುವುದಿಲ್ಲ. ಧರ್ಮ ಕೇಳಿ ಸತ್ತದ್ದರಿಂದ ಅವಕ್ಕೆ ಮನುಷ್ಯಜನ್ಮ ಸಿಕ್ಕಿತು ಎಂದು ಕಥೆ ಸರಾಗವಾಗಿ ಮುಂದೆ ಹೋಗುತ್ತದೆ. ಸಾವು ಬಡ್ತಿಯಾದರೆ ಕೊಂದವನ ಹೊರೆ ಹಗುರಾಗುತ್ತದೆ. ಜೈನ ಚೌಕಟ್ಟು ಕವಿಗೆ ಈ ದೃಶ್ಯವನ್ನು ಕೊಟ್ಟಿತು, ಅದೇ ಚೌಕಟ್ಟು ಅದರ ನೋವನ್ನು ಬೇಗ ಕರಗಿಸಿತು. ಆದರೂ ಒಂದು ವಿಷಯದಲ್ಲಿ ಅವನು ರಾಜಿಯಾಗಿಲ್ಲ. ಆ ಕೋಳಿಗಳು ಕೂಗಿದ್ದು ತಪ್ಪು, ಸುಮ್ಮನಿರಬೇಕಿತ್ತು ಎಂದು ಅವನು ಎಲ್ಲೂ ಹೇಳುವುದಿಲ್ಲ. ಸಂತೋಷಕ್ಕೆ ಕೂಗುವುದು ಜೀವದ ಹಕ್ಕು, ತಪ್ಪೆಲ್ಲ ಕೇಳಿಸಿಕೊಂಡವನದು.

‘ಯಶೋಧರ ಚರಿತೆ’ ಚಿಕ್ಕ ಕಾವ್ಯ, ಹೆಚ್ಚುಕಡಿಮೆ ಪೂರ್ತಿ ಕಂದಪದ್ಯಗಳಲ್ಲಿದೆ. ಗದ್ಯಾನುವಾದವಿರುವ ಪ್ರತಿ ಸಿಕ್ಕರೆ ನಾಲ್ಕೈದು ದಿನದ ಲೋಕಲ್ ಪ್ರಯಾಣದಲ್ಲಿ ಮುಗಿಯುತ್ತದೆ. ಈ ಸಲ ಹಿಟ್ಟಿನ ಕೋಳಿಯ ಹತ್ತಿರ ಪುಸ್ತಕ ಮುಚ್ಚಬೇಡಿ.