ಅಹವಾಲೂ ಆಲೋಚನೆಯೂ

ಮತವನ್ನು ಕೊಟ್ಟು ಮನೆಗೆ ಹಿಂದಿರುಗಿದಲ್ಲಿಗೆ ಪ್ರಜೆಯ ಕರ್ತವ್ಯವು ಮುಗಿಯತಕ್ಕುದಲ್ಲ. ಎರಡು ಚುನಾವಣೆಗಳ ನಡುವೆಯೂ ಆತನ ಮಾತು ಆಡಳಿತದ ಕಿವಿಗೆ ಬೀಳಬೇಕು. ಇದಕ್ಕೆ ಅಂತರಜಾಲವು ಒದಗಿಸಿದ ಸಾಧನಗಳಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಜಾಲತಾಣವು ವಿಮರ್ಶೆಗೆ ಅರ್ಹವಾಗಿದೆ.

‘ಜನಾಗ್ರಹ’ ಸಂಸ್ಥೆಯು 2010ರ ಆಗಸ್ಟ್ 15ರಂದು ‘ಐ ಪೇಯ್ಡ್ ಎ ಬ್ರೈಬ್’ ಎಂಬ ತಾಣವನ್ನು ತೆರೆಯಿತು. ಲಂಚ ಕೊಟ್ಟವನು ಯಾವ ಊರು, ಯಾವ ಕಚೇರಿ, ಯಾವ ಕೆಲಸ, ಎಷ್ಟು ಹಣ ಎಂಬುದನ್ನು ತನ್ನ ಹೆಸರು ಹೇಳದೆಯೇ ಅಲ್ಲಿ ಬರೆದಿಡಬಹುದಾಗಿತ್ತು. ಇದರ ಗುಣವು ಸ್ಪಷ್ಟವಾಗಿದೆ. ಒಬ್ಬನ ದೂರು ಬರಿಯ ಗೊಣಗಾಟವೆನಿಸೀತು. ಅನೇಕರ ದೂರುಗಳನ್ನು ಸಾಲಾಗಿಟ್ಟರೆ ಕಚೇರಿಯ ಒಳಗುಟ್ಟು ಹೊರಬೀಳುತ್ತದೆ. ಕರ್ನಾಟಕದ ಸಾರಿಗೆ ಇಲಾಖೆಯ ಅಂದಿನ ಆಯುಕ್ತರು ಈ ಬರಹಗಳನ್ನು ಸುಧಾರಣೆಗೆ ಬಳಸಿಕೊಂಡುದು ಅದರ ಸಾರ್ಥಕತೆಗೆ ಸಾಕ್ಷಿ.

ದೋಷವೂ ಅಷ್ಟೇ ಸ್ಪಷ್ಟ. ಬರೆದವರೆಲ್ಲರೂ ಕೂಡಿ ಆಲೋಚಿಸಿ ಒಂದು ನಿರ್ಣಯಕ್ಕೆ ಬರುವ ಏರ್ಪಾಡು ಅಲ್ಲಿರಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಕೂಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯ 144 ಮಂದಿಗೂ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ತೀರ್ಮಾನಿಸುವ ಅಧಿಕಾರವಿರಲಿಲ್ಲ. ಉಪಕರಣವು ಹೊಸತಾದರೂ ಪ್ರಜೆಯು ನಿಂತ ಸ್ಥಳ ಹಳೆಯದೇ.

ಕತ್ರಿಗುಪ್ಪೆಯ ಗೃಹಸ್ಥನೊಬ್ಬನು ತನ್ನ ಬೀದಿಯ ಗುಂಡಿಯ ಚಿತ್ರವನ್ನು ಮೊಬೈಲಿನಿಂದ ಪಾಲಿಕೆಗೆ ಕಳುಹಿಸಿದರೆ ಗುಂಡಿಯು ಮುಚ್ಚೀತು. ಆದರೆ ವಾರ್ಡಿನ ಹಣವು ಮೊದಲು ರಸ್ತೆಗೆ ಸಲ್ಲಬೇಕೋ, ಚರಂಡಿಗೋ, ಉದ್ಯಾನಕ್ಕೋ ಎಂಬುದು ನೆರೆಹೊರೆಯವರೆಲ್ಲ ಕುಳಿತು ಯೋಚಿಸಬೇಕಾದ ವಿಷಯ. ದೊಡ್ಡ ನಗರಗಳಿಗೆ ವಾರ್ಡು ಸಮಿತಿಗಳಿರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದುದು ಇಂತಹ ಆಲೋಚನೆಗಾಗಿಯೇ. ಹೀಗಿರಲು, ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ರಚಿತವಾದಾಗಲೂ ಚುನಾಯಿತ ಸದಸ್ಯರಿರಲಿಲ್ಲ. ಆ ಕಾಲದಲ್ಲಿ ದೂರನ್ನು ಸ್ವೀಕರಿಸುವ ಯಂತ್ರವಿತ್ತು. ಮತದಾರನಿಗೆ ಉತ್ತರ ಹೇಳಬೇಕಾದ ಸದಸ್ಯನಿರಲಿಲ್ಲ.

ಯಂತ್ರದಿಂದ ಆಲೋಚನೆಯು ಅಸಾಧ್ಯವೆಂದು ಇದರಿಂದ ತಿಳಿಯಬಾರದು. 2015ರಲ್ಲಿ ತೈವಾನಿನಲ್ಲಿ ಊಬರ್ ಬಾಡಿಗೆ ಕಾರುಗಳ ವಿವಾದವೆದ್ದಾಗ ‘ಪೋಲಿಸ್’ ಎಂಬ ಸಾಧನವನ್ನು ಬಳಸಿದರು. ಒಬ್ಬರು ಬರೆದ ಹೇಳಿಕೆಗೆ ಇತರರು ಸಮ್ಮತಿಯನ್ನೋ ಅಸಮ್ಮತಿಯನ್ನೋ ಸೂಚಿಸಬಹುದಾಗಿತ್ತು, ಮರುಮಾತು ಬರೆಯುವಂತಿರಲಿಲ್ಲ. ಅದರಿಂದ ವಾಗ್ವಾದಕ್ಕೆ ಎಡೆ ತಪ್ಪಿ, ಭಿನ್ನ ಪಕ್ಷಗಳವರೂ ಒಪ್ಪಿದ ಅಂಶಗಳು ತೋರಿಬಂದವು. ಸರ್ಕಾರವು ಅವುಗಳನ್ನು ಮುಂದಿಟ್ಟುಕೊಂಡು ನಿಯಮಗಳನ್ನು ರೂಪಿಸಿತು.

ಈ ಎರಡು ಸಾಧನಗಳನ್ನು ಹೋಲಿಸಿ ನೋಡಿದರೆ ಬೆಂಗಳೂರಿನ ಕೊರತೆಯೆಲ್ಲಿದೆಯೆಂಬುದು ತಿಳಿಯುತ್ತದೆ. ದೂರು ಬರೆಯುವ ಧೈರ್ಯವನ್ನು ಇಲ್ಲಿಯ ಜನ ತೋರಿದ್ದಾರೆ. ಕೂಡಿ ಆಲೋಚಿಸುವ ಅವಕಾಶವೂ, ಆಲೋಚಿಸಿದುದಕ್ಕೆ ಲಿಖಿತವಾಗಿ ಉತ್ತರ ಕೊಡುವ ಹೊಣೆಯುಳ್ಳ ವಾರ್ಡು ಸಮಿತಿಯೂ ಅವರಿಗೆ ದೊರೆಯಬೇಕು. ಅವೆರಡೂ ಇಲ್ಲದ ಜಾಲತಾಣವು ಎಷ್ಟೇ ಚತುರವಾಗಿದ್ದರೂ ಅಹವಾಲಿನ ಪೆಟ್ಟಿಗೆಯಾಗಿಯೇ ಉಳಿಯುತ್ತದೆ.